ಹಗಲು ಸೋಫಾ, ರಾತ್ರಿ ಹಾಸಿಗೆ: ಕೊಳ್ಳುವ ಮುನ್ನ ನೋಡಬೇಕಾದದ್ದು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ನಗರಗಳಲ್ಲಿ ಎರಡು ಕೋಣೆಗಳ ಫ್ಲ್ಯಾಟಿಗೆ ಹೊಸದಾಗಿ ಬರುವ ಕುಟುಂಬಗಳಿಗೆ, ಊರಿನಿಂದ ತಂದೆತಾಯಿ ಬಂದು ತಿಂಗಳುಗಟ್ಟಲೆ ಉಳಿಯುವಾಗ ಅಥವಾ ಹಬ್ಬಕ್ಕೆ ನೆಂಟರು ಸೇರಿದಾಗ ಮಲಗುವ ಜಾಗದ ಕೊರತೆ ಎದುರಾಗುವುದರಿಂದ, ಸೋಫಾ ಕಮ್ ಬೆಡ್ ಇಂದು ಅಂಥ ಮನೆಗಳ ಅಗತ್ಯದ ಪೀಠೋಪಕರಣವಾಗಿದೆ. ಆದರೆ ಕೊಳ್ಳುವವರಲ್ಲಿ ಹೆಚ್ಚಿನವರು ಅದನ್ನು ಬರಿಯ ಸೋಫಾ ಎಂದೇ ಪರಿಗಣಿಸಿ, ಬಟ್ಟೆಯ ಬಣ್ಣ ಒಪ್ಪಿಗೆಯಾದೊಡನೆ ಮುಂಗಡ ಕೊಟ್ಟುಬಿಡುತ್ತಾರೆ. ಅದರ ಬಾಳಿಕೆಯನ್ನೂ ಮಲಗುವವರ ನಿದ್ದೆಯನ್ನೂ ನಿರ್ಧರಿಸುವ ಚೌಕಟ್ಟು, ಕೀಲು ಮತ್ತು ಫೋಮ್ ಮಾತ್ರ ಆ ಬಟ್ಟೆಯ ಮರೆಯಲ್ಲಿ ಉಳಿದುಬಿಡುತ್ತವೆ.

ಮೊದಲು ತೀರ್ಮಾನವಾಗಬೇಕಾದದ್ದು ಅದರ ಮೇಲೆ ಮಲಗುವವರು ಯಾರು, ವರ್ಷಕ್ಕೆ ಎಷ್ಟು ದಿನ ಎಂಬುದು. ಎರಡು ರಾತ್ರಿ ತಂಗುವ ಯುವಕನಿಗೆ ನಾಲ್ಕಡಿ ಅಗಲದ, ನೆಲಕ್ಕೆ ಹತ್ತಿರವಿರುವ ಹಾಸಿಗೆ ಸಾಕಾಗಬಹುದು. ಮಂಡಿನೋವಿರುವ ಅತ್ತೆಮಾವಂದಿರು ಅದೇ ಹಾಸಿಗೆಯಿಂದ ನಡುರಾತ್ರಿ ಎದ್ದು ಬಚ್ಚಲಿಗೆ ಹೋಗಬೇಕಾದರೆ ಗೋಡೆ ಹಿಡಿದು ಏಳಬೇಕಾಗುತ್ತದೆ. ಹಿರಿಯರಿಗಾಗಿ ಕೊಳ್ಳುವವರು ಬಿಚ್ಚಿದ ಹಾಸಿಗೆಯ ಎತ್ತರ ಸುಮಾರು 16 ಇಂಚಿಗಿಂತ ಕಡಿಮೆಯಿಲ್ಲದಂತೆಯೂ, ಇಬ್ಬರು ಮಲಗುವುದಾದರೆ ಅಗಲ 60 ಇಂಚು, ಉದ್ದ ಕನಿಷ್ಠ 72 ಇಂಚು ಇರುವಂತೆಯೂ ನೋಡಿಕೊಳ್ಳುವುದು ಉಚಿತ. ಚೌಕಟ್ಟೇ ಇಲ್ಲದೆ ನೆಲದ ಮೇಲೆ ಬಿಚ್ಚಿಕೊಳ್ಳುವ ಫೋಮ್ ಸೋಫಾಗಳು ಅಗ್ಗವಾದರೂ ವಯಸ್ಸಾದವರಿಗೆ ಅವು ಯಾವ ರೀತಿಯಲ್ಲೂ ಹೊಂದುವುದಿಲ್ಲ.

ಬಿಚ್ಚುವ ವಿಧಾನಗಳಲ್ಲಿ ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುವು ಎರಡು. ಕೂರುವ ಭಾಗದ ಕೆಳಗಿನ ಮತ್ತೊಂದು ಚೌಕಟ್ಟನ್ನು ಗಾಲಿಗಳ ಮೇಲೆ ಮುಂದಕ್ಕೆ ಎಳೆದು, ಬೆನ್ನಿನ ದಿಂಬುಗಳನ್ನು ಆ ಜಾಗಕ್ಕೆ ಹಾಸುವುದು ಒಂದು. ಬೆನ್ನನ್ನೇ ಲೋಹದ ಕೀಲುಗಳ ಮೇಲೆ ಹಿಂದಕ್ಕೆ ಮಲಗಿಸುವುದು ಇನ್ನೊಂದು. ಎರಡನೆಯದರಲ್ಲಿ ಮಲಗುವವರ ಭಾರದ ಒತ್ತಡ ಕೀಲುಗಳ ಮೇಲೂ ಬೀಳುವುದರಿಂದ, ದಿನವೂ ಬಳಸುವ ಮನೆಗಳಿಗೆ ಎಳೆಯುವ ಮಾದರಿಯೇ ಮೇಲು. ಅಮೆರಿಕದಲ್ಲಿ ಇಂಥ ಸೋಫಾಗಳನ್ನು ಮನೆಮಾತಾಗಿಸಿದ ಬರ್ನಾರ್ಡ್ ಕ್ಯಾಸ್ಟ್ರೊ 1948ರಲ್ಲಿ ತನ್ನ ನಾಲ್ಕು ವರ್ಷದ ಮಗಳು ಸೋಫಾವನ್ನು ಒಬ್ಬಳೇ ಬಿಚ್ಚುವುದನ್ನು ದೂರದರ್ಶನದ ಜಾಹೀರಾತಿನಲ್ಲಿ ತೋರಿಸಿದ. ಆ ಅಳತೆಗೋಲು ಈಗಲೂ ಸರಿಯಾದದ್ದೇ. ಮಾರಾಟಗಾರ ಬಿಚ್ಚಿ ತೋರಿಸಿದರೆ ಸಾಲದು, ಮನೆಯಲ್ಲಿ ಅದನ್ನು ನಿತ್ಯ ಬಿಚ್ಚಬೇಕಾದವರೇ ಯಾರ ನೆರವೂ ಇಲ್ಲದೆ ಎರಡು ಮೂರು ಸಲ ಬಿಚ್ಚಿ ಮಡಚಿ ನೋಡಬೇಕು. ಬಿಚ್ಚಿದ ಸೋಫಾ ಗೋಡೆಯಿಂದ ಏಳೂವರೆ ಅಡಿಯವರೆಗೂ ಚಾಚಿಕೊಳ್ಳಬಹುದಾದ್ದರಿಂದ, ಟೀಪಾಯಿ ಎಲ್ಲಿ ಸರಿಯಬೇಕು, ಅಡುಗೆಮನೆಗೆ ಹೋಗುವ ದಾರಿ ಉಳಿಯುತ್ತದೆಯೇ ಎಂಬುದನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಯೇ ತಿಳಿದುಕೊಳ್ಳುವುದು ವಿವೇಕ.

ಚೌಕಟ್ಟನ್ನು ಪರೀಕ್ಷಿಸಲು ಬಡಗಿಯ ಜ್ಞಾನವೇನೂ ಬೇಡ. ಸೋಫಾದ ಮುಂದಿನ ಒಂದು ಮೂಲೆಯನ್ನು ಆರು ಇಂಚಿನಷ್ಟು ಎತ್ತಿದಾಗ ಮುಂಭಾಗದ ಇನ್ನೊಂದು ಕಾಲೂ ನೆಲ ಬಿಟ್ಟರೆ ಚೌಕಟ್ಟು ಬಿಗಿಯಾಗಿದೆಯೆಂದೂ, ಅದು ನೆಲದಲ್ಲೇ ಉಳಿದು ಸೋಫಾ ತಿರುಚಿಕೊಂಡರೆ ಜೋಡಣೆ ಸಡಿಲವೆಂದೂ ತಿಳಿಯಬಹುದು. ತಳಕ್ಕೆ ಹೊಡೆದ ಕಪ್ಪು ಬಟ್ಟೆಯ ಅಂಚನ್ನು ಸರಿಸಲು ಅಂಗಡಿಯವರು ಒಪ್ಪಿದರೆ ಒಳಗಿನ ಮೂಲೆಗಳನ್ನು ನೋಡಬೇಕು: ಅಲ್ಲಿ ಮರದ ತ್ರಿಕೋನ ತುಂಡುಗಳನ್ನು ಅಂಟು ಮತ್ತು ಸ್ಕ್ರೂಗಳಿಂದ ಬಿಗಿದಿದ್ದರೆ ಅದು ಹೊಣೆಯರಿತ ಕೆಲಸ, ಬರಿಯ ಪಿನ್ ಹೊಡೆದಿದ್ದರೆ ಬಿಚ್ಚಿ ಮಡಚುವ ಎಳೆತಕ್ಕೆ ಅದು ಹೆಚ್ಚು ಕಾಲ ತಡೆಯದು. ಮರದ ಪುಡಿಯನ್ನು ಅಂಟಿನೊಂದಿಗೆ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಕೀಲಿನ ಸ್ಕ್ರೂಗಳನ್ನು ಹಿಡಿದಿಟ್ಟುಕೊಳ್ಳಲಾರದು ಮತ್ತು ತೇವ ತಗುಲಿದರೆ ಉಬ್ಬುತ್ತದೆ. ಆದ್ದರಿಂದ ಚಲಿಸುವ ಭಾಗಗಳಿರುವ ಈ ಪೀಠೋಪಕರಣಕ್ಕೆ ಅದು ತಕ್ಕದ್ದಲ್ಲ. ಹದಗೊಳಿಸಿದ ಗಟ್ಟಿ ಮರ ಇಲ್ಲವೇ ಒಳ್ಳೆಯ ಪ್ಲೈವುಡ್ ಬೇಕು. ಪ್ಲೈವುಡ್‌ನಲ್ಲಿ ಸಾಮಾನ್ಯ ಬಳಕೆಯದಕ್ಕೆ ಐಎಸ್ 303, ನೀರಿಗೆ ಹೆಚ್ಚು ತಡೆಯುವ ಮರೈನ್ ದರ್ಜೆಗೆ ಐಎಸ್ 710 ಎಂಬ ಭಾರತೀಯ ಮಾನಕಗಳಿದ್ದು, ಹಲಗೆಯ ಮೇಲಿನ ಐಎಸ್‌ಐ ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಕರಾವಳಿ, ಮಲೆನಾಡುಗಳ ಮಳೆಗಾಲದ ತೇವಕ್ಕೆ ಎರಡನೆಯದೇ ಲೇಸು. ಅಲ್ಲಿ ಕಬ್ಬಿಣದ ಭಾಗಗಳಿಗೂ ತುಕ್ಕು ತಡೆಯುವ ಪೌಡರ್ ಕೋಟಿಂಗ್ ಇರಲೇಬೇಕು.

ಫೋಮ್ ವಿಷಯದಲ್ಲಿ ತಪ್ಪು ತಿಳಿವಳಿಕೆಯೇ ಹೆಚ್ಚು. ಅಂಗಡಿಯಲ್ಲಿ ಕೇಳಿಬರುವ 32 ಡೆನ್ಸಿಟಿ, 40 ಡೆನ್ಸಿಟಿ ಎಂಬ ಮಾತು ಗಟ್ಟಿತನವನ್ನು ಸೂಚಿಸುತ್ತದೆಂಬ ನಂಬಿಕೆ ಸರಿಯಲ್ಲ. ಅದು ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆಂಬುದರ ಲೆಕ್ಕ. ಸಾಂದ್ರತೆ ಹೆಚ್ಚಿದ್ದಷ್ಟೂ ಫೋಮ್ ಸಾಮಾನ್ಯವಾಗಿ ಕುಸಿಯದೆ ಬಹುಕಾಲ ಬಾಳುತ್ತದೆ, ಗಟ್ಟಿಯೋ ಮೆತ್ತಗೋ ಎಂಬುದು ಬೇರೆಯೇ ಗುಣ. ಈ ಸಂಖ್ಯೆಯನ್ನು ನಂಬಿಕೆಗೆ ಬಿಡಬೇಕಿಲ್ಲ. ಎರಡಡಿ ಉದ್ದ, ಎರಡಡಿ ಅಗಲ, ಐದು ಇಂಚು ದಪ್ಪದ ಫೋಮ್ ತುಂಡು 32 ಡೆನ್ಸಿಟಿಯದಾದರೆ ಸುಮಾರು ಒಂದೂವರೆ ಕಿಲೋ, 40ರದಾದರೆ ಸುಮಾರು 1.9 ಕಿಲೋ ತೂಗಬೇಕು. ಕುಶನ್‌ನ ಜಿಪ್ ತೆರೆದು ಫೋಮ್ ಹೊರತೆಗೆದು ತಕ್ಕಡಿಗೆ ಇಟ್ಟರೆ, ಒಂದು ಕಿಲೋ ತೂಗುವ ತುಂಡಿಗೆ 40ರ ಬೆಲೆ ಕೇಳುತ್ತಿದ್ದಾರೆಯೇ ಎಂಬುದು ಅಲ್ಲೇ ಬಯಲಾಗುತ್ತದೆ. ಹೊರಗೆ ಒಂದು ಡೆನ್ಸಿಟಿ ಹೇಳಿ ಒಳಗೆ ಇನ್ನೊಂದನ್ನು ತುಂಬುವುದು ಗ್ರಾಹಕರಿಗೆ ಮಾಡುವ ನೇರ ಅನ್ಯಾಯವಾದ್ದರಿಂದ, ಡೆನ್ಸಿಟಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ.

ಅನಂತರ ಹಾಸಿಗೆಯನ್ನು ಬಿಚ್ಚಿ ಎರಡು ಭಾಗಗಳು ಕೂಡುವ ಸಂದಿನ ಮೇಲೆ ಅಂಗೈ ಆಡಿಸಬೇಕು. ಅರ್ಧ ಇಂಚಿನ ಏರುಪೇರಿದ್ದರೂ ರಾತ್ರಿಯೆಲ್ಲ ಅದು ಸೊಂಟದ ಕೆಳಗೋ ಭುಜದ ಕೆಳಗೋ ಒತ್ತುತ್ತಿರುತ್ತದೆ. ಹತ್ತು ನಿಮಿಷ ಮಗ್ಗುಲಾಗಿ ಮಲಗಿ ನೋಡಿದವರಿಗೆ ಇದು ಗೊತ್ತಾಗುತ್ತದೆ, ಕೂತು ನೋಡಿದವರಿಗೆ ಗೊತ್ತಾಗುವುದಿಲ್ಲ.

ಹೊದಿಕೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ: ಬಿಚ್ಚಿ ಒಗೆಯಬಹುದಾದ, ಒತ್ತಾಗಿ ನೇಯ್ದ ಬಟ್ಟೆ ಉತ್ತಮ, ಅಗ್ಗದ ರೆಕ್ಸಿನ್ ಕೆಲವೇ ವರ್ಷಗಳಲ್ಲಿ ಸಿಪ್ಪೆಯೇಳುತ್ತದೆ, ಸೆಕೆಯ ರಾತ್ರಿ ಮೈಗೂ ಅಂಟುತ್ತದೆ.

ಸಿದ್ಧ ಸೋಫಾದ ಬದಲು ನಂಬಿಕೆಯ ಬಡಗಿಯಿಂದ ಮಾಡಿಸುವವರು ಪ್ಲೈವುಡ್, ಫೋಮ್, ಚಾನೆಲ್‌ಗಳನ್ನು ತಾವೇ ಆರಿಸಿ ತರಬಹುದು, ಮುಂದೆ ಫೋಮ್ ಕುಸಿದಾಗ ಅದನ್ನಷ್ಟೇ ಬದಲಾಯಿಸಲೂಬಹುದು. ಸಿದ್ಧ ಸರಕು ಕೊಳ್ಳುವವರು ಕೀಲು ಮತ್ತು ಗಾಲಿಗಳು ಬಿಡಿಯಾಗಿ ಸಿಗುತ್ತವೆಯೇ, ಖಾತರಿ ಚೌಕಟ್ಟಿಗೆ ಮಾತ್ರವೋ ಕೀಲಿಗೂ ಅನ್ವಯಿಸುತ್ತದೆಯೋ ಎಂದು ವಿಚಾರಿಸಬೇಕು. ಲಿಫ್ಟ್, ಮೆಟ್ಟಿಲಿನ ತಿರುವು ಮತ್ತು ಬಾಗಿಲುಗಳ ಅಳತೆಯನ್ನು ಮುಂಗಡ ಕೊಡುವ ಮೊದಲೇ ತೆಗೆದುಕೊಂಡಿರಬೇಕು. ಸೋಫಾ ಮನೆಗೆ ಬಂದ ದಿನ, ತಂದವರು ಸಹಿ ಹಾಕಿಸಿಕೊಂಡು ಹೊರಡುವ ಮುನ್ನ, ಅದನ್ನು ಅದರ ಜಾಗದಲ್ಲಿಟ್ಟು ಒಮ್ಮೆ ಪೂರ್ತಿ ಬಿಚ್ಚಿ ಮಡಚಿ ನೋಡಬೇಕು. ಸಾಗಣೆಯಲ್ಲಿ ಬಾಗಿದ ಚಾನೆಲ್, ಕಳಚಿದ ಗಾಲಿ ಆಗಲೇ ಕಣ್ಣಿಗೆ ಬಿದ್ದರೆ ಸರಿಪಡಿಸುವ ಹೊಣೆ ಯಾರದೆಂಬ ವಾದಕ್ಕೆ ಎಡೆಯಿರುವುದಿಲ್ಲ.