ಮನೆಯಿಂದಲೇ ಲೆಕ್ಕಪತ್ರ: ತೀವ್ರ ಅಂಗವೈಕಲ್ಯವುಳ್ಳ ಉದ್ಯೋಗಿಗೆ ಗಣಕಯಂತ್ರದ ವ್ಯವಸ್ಥೆ

ಹತ್ತು ಹದಿನೈದು ವರ್ಷ ಒಂದೇ ಸಂಸ್ಥೆಯ ಲೆಕ್ಕ ಬರೆದ ಗುಮಾಸ್ತರ ಬೆಲೆ ಆಸ್ತಿ-ಜವಾಬ್ದಾರಿ ತಃಖ್ತೆಯಲ್ಲಿ ಕಾಣಿಸುವುದಿಲ್ಲ. ಯಾವ ಗಿರಾಕಿಯಿಂದ ಎಷ್ಟು ದಿನಕ್ಕೆ ಹಣ ಬರುತ್ತದೆ, ಯಾವ ಪೂರೈಕೆದಾರರ ಬಿಲ್ಲನ್ನು ಎರಡು ಬಾರಿ ನೋಡಬೇಕು ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಇಂಥವರೊಬ್ಬರು ರಸ್ತೆ ಅಪಘಾತದಲ್ಲಿ ಕತ್ತಿನ ಭಾಗದ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಗೆ ಸೀಮಿತರಾದರೆ, ಒಂದಿಷ್ಟು ಪರಿಹಾರ ಕೊಟ್ಟು ಬೇರೊಬ್ಬರನ್ನು ನೇಮಿಸಿಕೊಳ್ಳುವುದು ವಾಡಿಕೆ. ಆದರೆ ಪೆಟ್ಟಾಗಿರುವುದು ಕೈಕಾಲುಗಳ ಚಲನೆಗೆ, ಲೆಕ್ಕದ ಜ್ಞಾನಕ್ಕಲ್ಲ. ಮನೆಯಲ್ಲಿಯೇ ತಕ್ಕ ವ್ಯವಸ್ಥೆ ಮಾಡಿಕೊಟ್ಟರೆ ಅನುಭವಿ ಉದ್ಯೋಗಿಯನ್ನು ಸಂಸ್ಥೆಯೂ, ಜೀವನೋಪಾಯವನ್ನು ಕುಟುಂಬವೂ ಉಳಿಸಿಕೊಳ್ಳಬಹುದು.

1. ಮೊದಲು ಶರೀರ, ನಂತರ ಯಂತ್ರ

ಖರೀದಿಗೆ ಮೊದಲು ಉದ್ಯೋಗಿಗೆ ಯಾವ ಚಲನೆ ಉಳಿದಿದೆ ಎಂಬುದನ್ನು ಆಕ್ಯುಪೇಶನಲ್ ಥೆರಪಿಸ್ಟರಿಂದ ತಿಳಿಯತಕ್ಕದ್ದು. ಕತ್ತಿನ ಐದನೆಯ ನರದ ಮಟ್ಟದವರೆಗೆ ಶಕ್ತಿ ಉಳಿದವರು ಸಾಮಾನ್ಯವಾಗಿ ಮೊಣಕೈ ಮಡಿಸಬಲ್ಲರು. ಆರನೆಯ ಮಟ್ಟದವರೆಗೆ ಉಳಿದವರು ಮಣಿಕಟ್ಟನ್ನು ಮೇಲೆತ್ತಬಲ್ಲರು. ಇಬ್ಬರಿಗೂ ಬೆರಳುಗಳ ಹಿಡಿತವಿರುವುದಿಲ್ಲ. ಆದ್ದರಿಂದ ಒಬ್ಬರಿಗೆ ಒಗ್ಗಿದ ಸಲಕರಣೆ ಇನ್ನೊಬ್ಬರಿಗೆ ನಿರುಪಯುಕ್ತವಾಗಬಹುದು.

ಚರ್ಮದ ಸಂವೇದನೆ ನಷ್ಟವಾಗಿರುವುದು ಇನ್ನೊಂದು ಮುಖ್ಯ ಅಂಶ. ಒಂದೇ ಭಂಗಿಯಲ್ಲಿ ಕುಳಿತರೆ ಒತ್ತಡದ ಹುಣ್ಣಾಗುತ್ತದೆ. ಒಂದು ಹುಣ್ಣು ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು. ಹದಿನೈದರಿಂದ ಮೂವತ್ತು ನಿಮಿಷಗಳಿಗೊಮ್ಮೆ ದೇಹದ ಭಾರವನ್ನು ಬದಲಿಸುವುದು ಅಗತ್ಯವಾದುದರಿಂದ ಕೆಲಸದ ಅವಧಿಯಲ್ಲಿ ಬಿಡುವಿಗೆ ಅವಕಾಶವಿರಬೇಕು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಡುವುದು ಸರ್ವಥಾ ಸಲ್ಲದು: ಅದರ ಶಾಖಕ್ಕೆ ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಬೆವರುವಿಕೆ ಕುಂದಿರುವುದರಿಂದ ಬೇಸಿಗೆಯಲ್ಲಿ ಕೋಣೆಯನ್ನು ತಂಪಾಗಿಡುವುದೂ ಅವಶ್ಯ.

2. ಮೇಜು ಮತ್ತು ಕೋಣೆ

ಗಾಲಿಕುರ್ಚಿಯ ಕೈಯಾಸರೆ ಮೇಜಿನ ಅಡಿಗೆ ಹೋಗದಿದ್ದರೆ ಉದ್ಯೋಗಿ ಕೀಲಿಮಣೆಯಿಂದ ದೂರವೇ ಉಳಿಯುತ್ತಾರೆ. ಆದ್ದರಿಂದ ಅವರನ್ನು ಕುರ್ಚಿಯಲ್ಲಿ ಕೂರಿಸಿಯೇ ನೆಲದಿಂದ ಮೊಣಕಾಲಿನ ಮತ್ತು ಕೈಯಾಸರೆಯ ಎತ್ತರವನ್ನು ಅಳೆದು, ಸ್ಥಳೀಯ ಬಡಗಿಯಿಂದ ಡ್ರಾಯರ್ ಇಲ್ಲದ ಮೇಜನ್ನು ಮಾಡಿಸುವುದು ಉತ್ತಮ. ಮೊಣಕೈಗಳು ಮೇಜಿನ ಮೇಲೆ ಊರುವಷ್ಟು ಅಗಲವಿರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಬೇಕು. ಬಾಗಿಲಿನಲ್ಲಿ 900 ಮಿಲಿಮೀಟರ್ ತೆರಪು, ಕುರ್ಚಿ ತಿರುಗಲು 1500 ಮಿಲಿಮೀಟರ್ ವ್ಯಾಸದ ಜಾಗ, ಇಳಿಜಾರಿಗೆ 1:12 ಪ್ರಮಾಣ ಇದ್ದರೆ ಅನುಕೂಲ. ತಂತಿಗಳು ಗಾಲಿಗೆ ಸಿಲುಕದಂತೆ ಗೋಡೆಗೆ ಸೇರಿಸಬೇಕು.

3. ಕೀಲಿಮಣೆ, ಮೌಸ್ ಮತ್ತು ಧ್ವನಿ

ದುಬಾರಿ ಯಂತ್ರದಿಂದಲೇ ಆರಂಭಿಸಬೇಕಾಗಿಲ್ಲ. ಅಂಗೈಗೆ ಪಟ್ಟಿಯಿಂದ ಬಿಗಿದ ಚಿಕ್ಕ ಕಡ್ಡಿಯಿಂದ ಒಂದೊಂದೇ ಕೀಲಿಯನ್ನು ಒತ್ತಬಹುದು. ವಿಂಡೋಸ್‌ನಲ್ಲಿಯೇ ಇರುವ ‘ಸ್ಟಿಕ್ಕಿ ಕೀಸ್’ ಸೌಲಭ್ಯವು ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿದರೆ ದೊರೆಯುತ್ತದೆ. ಆಗ ಕಂಟ್ರೋಲ್, ಆಲ್ಟ್ ಮುಂತಾದವನ್ನು ಇನ್ನೊಂದು ಕೀಲಿಯೊಡನೆ ಏಕಕಾಲಕ್ಕೆ ಅದುಮಿ ಹಿಡಿಯುವ ಅಗತ್ಯವಿಲ್ಲ. ‘ಫಿಲ್ಟರ್ ಕೀಸ್’ ಕೈ ನಡುಗಿ ಮತ್ತೆ ಮತ್ತೆ ಬೀಳುವ ಒತ್ತುಗಳನ್ನು ಕಡೆಗಣಿಸುತ್ತದೆ. ‘ಮೌಸ್ ಕೀಸ್’ ಅಂಕಿಗಳ ಕೀಲಿಗಳಿಂದಲೇ ಬಾಣವನ್ನು ಚಲಿಸುತ್ತದೆ. ಇವುಗಳಿಗೆ ಪ್ರತ್ಯೇಕ ವೆಚ್ಚವಿಲ್ಲ.

ಸಾಧಾರಣ ಮೌಸಿಗೆ ಬದಲು ದೊಡ್ಡ ಗುಂಡಿನ ಟ್ರ್ಯಾಕ್‌ಬಾಲನ್ನು ಅಂಗೈಯ ಅಂಚಿನಿಂದ ಉರುಳಿಸಬಹುದು. ಕೈಗಳ ಚಲನೆ ಪೂರ್ತಿ ಇಲ್ಲದವರಿಗೆ, ತಲೆಯ ಚಲನೆಯನ್ನು ಕ್ಯಾಮೆರಾದಿಂದ ಗ್ರಹಿಸುವ ತಂತ್ರಾಂಶ, ಬಾಯಲ್ಲಿ ಹಿಡಿಯುವ ಕಡ್ಡಿ, ಕಣ್ಣಿನ ದೃಷ್ಟಿಯನ್ನು ಗುರುತಿಸುವ ಸಾಧನ ಇವೆ. ಧ್ವನಿಯಿಂದ ಬರೆಯಿಸುವ ಸೌಲಭ್ಯಕ್ಕೆ ಗೂಗಲ್ 2017ರಲ್ಲಿ ಕನ್ನಡವನ್ನು ಸೇರಿಸಿತು. ಪತ್ರ ವ್ಯವಹಾರಕ್ಕೆ ಇದು ಉಪಯುಕ್ತ; ಅಂಕಿಸಂಖ್ಯೆಗಳನ್ನು ಮಾತ್ರ ಪರದೆಯಲ್ಲಿ ಪರಿಶೀಲಿಸದೆ ಬಿಡಬಾರದು.

ವ್ಯಾಪಾರಿಗಳಿಗೆ ಪರಿಚಿತವಾದ ಟ್ಯಾಲಿ ತಂತ್ರಾಂಶವನ್ನು ಬಹುಪಾಲು ಕೀಲಿಮಣೆಯಿಂದಲೇ ನಡೆಸಬಹುದು ಎಂಬುದು ಇಲ್ಲಿ ಒಂದು ಅನುಕೂಲ. ಪಾವತಿಗೆ ಎಫ್5, ಸ್ವೀಕೃತಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಒತ್ತಿದರೆ ವೋಚರ್ ತೆರೆಯುತ್ತದೆ. ಮೌಸ್ ಹಿಡಿಯಲಾಗದವರಿಗೂ ಲೆಕ್ಕ ನಿರ್ವಹಣೆ ಸಾಧ್ಯವಾಗುವುದು ಇದರಿಂದಲೇ.

4. ವಿದ್ಯುತ್ತು, ಸುರಕ್ಷತೆ, ಗೋಪ್ಯತೆ

ವಿದ್ಯುತ್ತು ಹೋದಾಗ ಎದ್ದು ಸ್ವಿಚ್ ಹಾಕಲಾಗದವರಿಗೆ ಯುಪಿಎಸ್ ಅನಿವಾರ್ಯ. ಕೈಗೆಟಕುವಲ್ಲಿ ಕರೆಗಂಟೆಯಿರಲಿ. ಬಿಲ್ಲುಗಳನ್ನು ಕಚೇರಿಯಲ್ಲಿಯೇ ಸ್ಕ್ಯಾನ್ ಮಾಡಿ ಕಳುಹಿಸಿದರೆ ಕಾಗದ ತಿರುವುವ ಶ್ರಮ ತಪ್ಪುತ್ತದೆ. ಉದ್ಯೋಗಿಗೆ ಪ್ರತ್ಯೇಕ ಪಾಸ್‌ವರ್ಡ್ ಇರಬೇಕು. ನೆರವಾಗುವ ಮನೆಯವರಿಗೆ ಅದನ್ನು ಒಪ್ಪಿಸುವಂತಾಗಬಾರದು. ಬ್ಯಾಂಕ್ ಪಾವತಿಯ ಅಂತಿಮ ಅನುಮೋದನೆಯನ್ನು ಮಾಲೀಕರು ತಮ್ಮಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ.

5. ಲೆಕ್ಕ ಮತ್ತು ತೆರಿಗೆ

ಸಲಕರಣೆಗಳನ್ನು ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲಿನಲ್ಲಿ ಕೊಳ್ಳತಕ್ಕದ್ದು. ಸ್ಥಿರಾಸ್ತಿ ರಿಜಿಸ್ಟರಿನಲ್ಲಿ ‘ಉದ್ಯೋಗಿಯ ನಿವಾಸ’ ಎಂದು ಸ್ಥಳವನ್ನು ನಮೂದಿಸಿ, ಸಂಸ್ಥೆಯ ಕೆಲಸಕ್ಕಾಗಿ ಒಪ್ಪಿಸಲಾಗಿದೆ ಎಂಬ ಪತ್ರಕ್ಕೆ ಸಹಿ ಪಡೆಯಬೇಕು. ವಿಮಾ ಕಂಪನಿಗೂ ಈ ಸ್ಥಳವನ್ನು ತಿಳಿಸಬೇಕು. ಇಳಿಕೆಯಾಗುವ ಮೌಲ್ಯದ ಪದ್ಧತಿಯಲ್ಲಿ ಗಣಕಯಂತ್ರಕ್ಕೆ ಶೇ. 40, ಪೀಠೋಪಕರಣಕ್ಕೆ ಶೇ. 10 ಸವಕಳಿಯುಂಟು. ವ್ಯವಹಾರಕ್ಕೆ ಬಳಸುವ ಸಲಕರಣೆಯ ಮೇಲಿನ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಆದರೆ ಅದೇ ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿಯನ್ನೂ ಕೇಳುವಂತಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಕ್ರೆಡಿಟ್ ಇಲ್ಲ.

1961ರ ಆದಾಯ ತೆರಿಗೆ ಕಾಯಿದೆಯ ಕಲಂ 80ಯು ಪ್ರಕಾರ ಶೇ. 40ರಷ್ಟು ಅಂಗವೈಕಲ್ಯವಿದ್ದರೆ ಆ ವ್ಯಕ್ತಿಗೆ ರೂ. 75,000, ಶೇ. 80 ಅಥವಾ ಹೆಚ್ಚಿದ್ದರೆ ರೂ. 1,25,000 ಕಡಿತ ದೊರೆಯುತ್ತಿತ್ತು. ಅವಲಂಬಿತರನ್ನು ನೋಡಿಕೊಳ್ಳುವವರಿಗೆ 80ಡಿಡಿ ಕಲಮಿನಲ್ಲಿ ಇಷ್ಟೇ ಮೊತ್ತದ ಕಡಿತವಿತ್ತು. ಹೊಸ ತೆರಿಗೆ ಪದ್ಧತಿಯನ್ನು ಆಯ್ದವರಿಗೆ ಇವೆರಡೂ ಅನ್ವಯಿಸುತ್ತಿರಲಿಲ್ಲ. ಅದರ ಬದಲಿಗೆ ಬಂದ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿರುವುದರಿಂದ, ಯಾವ ಪದ್ಧತಿ ಲಾಭಕರವೆಂದು ಪ್ರತಿ ವರ್ಷವೂ ಲೆಕ್ಕ ಹಾಕಿ ನೋಡುವುದು ಒಳಿತು.

6. ಕಾನೂನಿನ ದೃಷ್ಟಿ

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಹೊಂದಿರಬೇಕೆಂದು ವಿಧಿಸುತ್ತದೆ. ಇಪ್ಪತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಈ ನೀತಿ ವಿವರವಾಗಿರಬೇಕು. ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ತೆಗೆದುಹಾಕಬಾರದೆಂಬ ಕಲಂ 20ರ ನಿಯಮ ಸರಕಾರಿ ಸಂಸ್ಥೆಗಳಿಗೆ ಸೀಮಿತ. ಆದಕಾರಣ ಸಣ್ಣ ಸಂಸ್ಥೆಗಳಲ್ಲಿ ಇಂಥ ಉದ್ಯೋಗಿಯ ಭವಿಷ್ಯ ಬಹುಮಟ್ಟಿಗೆ ಮಾಲೀಕರ ನಿರ್ಧಾರವನ್ನೇ ಅವಲಂಬಿಸಿದೆ.

ಮಾರ್ಗದರ್ಶನಕ್ಕೆ ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಮೊದಲಾದ ಸಂಸ್ಥೆಗಳಿವೆ. ಮೇಜು, ಅಂಗೈಪಟ್ಟಿ ಮತ್ತು ವಿಂಡೋಸ್‌ನ ಸೌಲಭ್ಯಗಳಿಂದ ಆರಂಭಿಸಿ, ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳು ಪ್ರಯೋಗ ನಡೆಸಿ, ಕೊರತೆ ಕಂಡಲ್ಲಿ ಮಾತ್ರ ಹೆಚ್ಚಿನ ಸಲಕರಣೆ ಕೊಳ್ಳುವುದು ವ್ಯವಹಾರಕ್ಕೆ ಒಪ್ಪುವ ಕ್ರಮ. ಮೊದಮೊದಲು ವೇಗ ಕಡಿಮೆಯಿರುವುದು ಸಹಜ. ಆ ಅವಧಿಯಲ್ಲಿ ಅಳೆಯಬೇಕಾದುದು ಗಂಟೆಗೆ ಎಷ್ಟು ವೋಚರ್ ಎಂಬುದನ್ನಲ್ಲ, ತಿಂಗಳ ಕೊನೆಗೆ ಲೆಕ್ಕ ತಾಳೆಯಾಯಿತೇ ಎಂಬುದನ್ನು.