ಮೊದಲ ಮಾದರಿ ವಿಮಾನ: ಆಯ್ಕೆ ಹೇಗೆ?

ನೆಲದ ಮೇಲೆ ನಿಂತುಕೊಂಡೇ, ಕೈಯಲ್ಲಿರುವ ಪೆಟ್ಟಿಗೆಯ ಎರಡು ಕಡ್ಡಿಗಳನ್ನು ಅಲುಗಿಸಿ, ನೂರಾರು ಅಡಿ ದೂರದಲ್ಲಿ ಹಾರುತ್ತಿರುವ ಪುಟ್ಟ ವಿಮಾನವನ್ನು ಇಷ್ಟಬಂದತ್ತ ತಿರುಗಿಸುವ ಕಲೆ ತರುಣರ ಮನಸ್ಸನ್ನು ಸೆಳೆಯುವುದರಲ್ಲಿ ಆಶ್ಚರ್ಯವಿಲ್ಲ. ತಂತಿಯ ಸಂಪರ್ಕವಿಲ್ಲದೆ ದೂರದ ಯಂತ್ರವನ್ನು ನಡೆಸಬಹುದೆಂಬುದನ್ನು 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯ ಮೂಲಕ ತೋರಿಸಿಕೊಟ್ಟನು. 1937ರಲ್ಲಿ ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಸೋದರರು 'ಗಫ್' ಎಂಬ ಮಾದರಿ ವಿಮಾನವನ್ನು ರೇಡಿಯೋ ಅಲೆಗಳ ನೆರವಿನಿಂದ ಹಾರಿಸಿದರು. ಆ ವಿಮಾನವನ್ನು ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿ ಕಾಪಾಡಲಾಗಿದೆ.

ಅಂದು ಇಂಥ ವಿಮಾನವನ್ನು ಹಾರಿಸಬಯಸಿದವರು ಅದನ್ನು ತಾವೇ ಕಟ್ಟಬೇಕಾಗಿತ್ತು. ಇಂದು ಸಿದ್ಧ ವಿಮಾನಗಳೇ ಅಂಗಡಿಯಲ್ಲಿ ದೊರೆಯುತ್ತವೆ. ಈ ಸೌಕರ್ಯದೊಡನೆ ಒಂದು ಅಪಾಯವೂ ಸೇರಿಕೊಂಡಿದೆ. ಹೊಸಬನು ಕಣ್ಣಿಗೆ ಒಪ್ಪಿದುದನ್ನು ಕೊಳ್ಳುತ್ತಾನೆ. ಎರಡನೆಯ ಮಹಾಯುದ್ಧದ ಕಾಳಗದ ವಿಮಾನದಂತೆಯೋ ಜೆಟ್ಟಿನಂತೆಯೋ ಇರುವ ಮಾದರಿ ಅವನ ಮನಸ್ಸನ್ನು ಗೆಲ್ಲುತ್ತದೆ. ತಿಂಗಳುಗಟ್ಟಲೆ ಕೂಡಿಟ್ಟ ಹಣ ಒಂದೇ ನಿಮಿಷದಲ್ಲಿ ಚೂರುಚೂರಾಗಿ ಬೀಳುತ್ತದೆ. ಅದರೊಡನೆ ಉತ್ಸಾಹವೂ ಬೀಳುತ್ತದೆ. ಇದನ್ನು ತಪ್ಪಿಸಲು ವಿಮಾನಶಾಸ್ತ್ರದ ಕೆಲವು ಮೂಲಾಂಶಗಳನ್ನು ತಿಳಿದುಕೊಂಡರೆ ಸಾಕು.

ಹೊಸಬನ ವಿಮಾನ ಬೀಳುವುದೇಕೆ?

ನಿಜವಾದ ವಿಮಾನದಲ್ಲಿ ಕುಳಿತ ಚಾಲಕನಿಗೆ ವಿಮಾನ ವಾಲಿದುದು ಮೈಗೇ ಅರಿವಾಗುತ್ತದೆ. ನೆಲದ ಮೇಲೆ ನಿಂತವನಿಗೆ ಕಣ್ಣೊಂದೇ ಆಧಾರ. ವಿಮಾನ ನಮ್ಮಿಂದ ದೂರ ಹೋಗುತ್ತಿರುವಾಗ ಅದರ ಬಲಗಡೆಯೂ ನಮ್ಮ ಬಲಗಡೆಯೂ ಒಂದೇ. ಅದು ತಿರುಗಿ ನಮ್ಮ ಕಡೆಗೆ ಬರತೊಡಗಿದ ಕೂಡಲೆ ಎಡಬಲಗಳು ಅದಲುಬದಲಾಗುತ್ತವೆ. ಕಲಿಯುವವನ ಕೈ ತಪ್ಪುವುದು ಇಲ್ಲಿಯೇ. 20 ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ಸುಮಾರು 2 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ತಲೆಕೆಳಗಾದ ವಿಮಾನವೂ ಹೆಚ್ಚು ಹೊತ್ತು ಕಾಯುವುದಿಲ್ಲ. ಆದುದರಿಂದ ಮೊದಲ ವಿಮಾನದಲ್ಲಿ ನಾವು ಹುಡುಕಬೇಕಾದ ಗುಣ ವೇಗವಲ್ಲ, ಅಂದವೂ ಅಲ್ಲ. ಯೋಚಿಸಲು ಅದು ನಮಗೆ ಕಾಲಾವಕಾಶ ಕೊಡಬೇಕು. ನಾವು ತಪ್ಪಿದಾಗ ತಾನಾಗಿಯೇ ಸಮಸ್ಥಿತಿಗೆ ಮರಳಬೇಕು. ಬಿದ್ದರೂ ದುರಸ್ತಿಗೆ ಒದಗಬೇಕು.

ನಿಧಾನವಾಗಿ ಹಾರುವ ರೆಕ್ಕೆ

ವಿಮಾನದ ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದರೆ ರೆಕ್ಕೆಯ ಪ್ರತಿಯೊಂದು ಭಾಗವೂ ಹೊರಬೇಕಾದ ಭಾರ ತಿಳಿಯುತ್ತದೆ. ರೆಕ್ಕೆಯ ಮೇಲೆತ್ತುವ ಬಲ ವೇಗದ ವರ್ಗವನ್ನು ಅನುಸರಿಸಿ ಹೆಚ್ಚುಕಡಮೆಯಾಗುತ್ತದೆ. ವೇಗ ಒಂದು ಮಿತಿಗಿಂತ ಇಳಿದಾಗ ರೆಕ್ಕೆ ವಿಮಾನವನ್ನು ಹೊರಲಾರದು. ಆಗ ಚಾಲಕನು ಮೂಗನ್ನು ಇನ್ನಷ್ಟು ಮೇಲೆತ್ತಿದರೆ, ರೆಕ್ಕೆಯ ಮೇಲ್ಮೈಯನ್ನು ಅನುಸರಿಸಿ ಹರಿಯುತ್ತಿದ್ದ ಗಾಳಿ ಅದನ್ನು ಬಿಟ್ಟು ಚೆದುರಿ, ವಿಮಾನ ಕುಸಿಯುತ್ತದೆ. ಇದಕ್ಕೆ 'ಸ್ಟಾಲ್' ಎಂದು ಹೆಸರು.

ಒಂದು ಲೆಕ್ಕವನ್ನು ನೋಡೋಣ. ರೆಕ್ಕೆಯ ಉದ್ದ 120 ಸೆಂಟಿಮೀಟರ್, ಅಗಲ 20 ಸೆಂಟಿಮೀಟರ್, ಒಟ್ಟು ತೂಕ 960 ಗ್ರಾಂ ಇರುವ ವಿಮಾನದಲ್ಲಿ ಪ್ರತಿ ಚದರ ಡೆಸಿಮೀಟರಿಗೆ 40 ಗ್ರಾಂ ಭಾರ ಬೀಳುತ್ತದೆ. ಸಮುದ್ರಮಟ್ಟದಲ್ಲಿ ಇಂಥ ವಿಮಾನ ಗಂಟೆಗೆ ಸುಮಾರು 26 ಕಿಲೋಮೀಟರ್ ವೇಗದವರೆಗೂ ಗಾಳಿಯಲ್ಲಿ ನಿಲ್ಲಬಲ್ಲುದು. ಕಿರಿದಾದ ರೆಕ್ಕೆಯುಳ್ಳ, ಚದರ ಡೆಸಿಮೀಟರಿಗೆ 70 ಗ್ರಾಂ ಹೊರುವ ಮಾದರಿಗಾದರೋ ಕನಿಷ್ಠ 35 ಕಿಲೋಮೀಟರ್ ವೇಗ ಬೇಕು. ಬೆಂಗಳೂರಿನಂತೆ 900 ಮೀಟರ್ ಎತ್ತರದ ಊರುಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಈ ವೇಗಗಳು ಇನ್ನೂ ನೂರಕ್ಕೆ ನಾಲ್ಕರಷ್ಟು ಏರುತ್ತವೆ. ಕಾಳಗದ ವಿಮಾನದ ಮಾದರಿ ಹೊಸಬನ ಕೈಗೆ ಒಗ್ಗದಿರಲು ಇದೇ ಮುಖ್ಯ ಕಾರಣ. ಅಲ್ಲದೆ ತುದಿಯ ಕಡೆಗೆ ಚೂಪಾಗುವ ರೆಕ್ಕೆಯಲ್ಲಿ ತುದಿಯೇ ಮೊದಲು ಹಿಡಿತ ಕಳೆದುಕೊಂಡು, ವಿಮಾನ ಹಠಾತ್ತನೆ ಒಂದು ಪಕ್ಕಕ್ಕೆ ಉರುಳಬಹುದು. ಉದ್ದಕ್ಕೂ ಒಂದೇ ಅಗಲವಿರುವ ರೆಕ್ಕೆ ನೋಡಲು ಸಾಧಾರಣವಾದರೂ, ಅದರ ಕುಸಿತ ಮೃದುವಾದುದು.

ತಾನೇ ಸರಿಹೋಗುವ ಗುಣ

ರೆಕ್ಕೆಯು ಒಡಲಿನ ಮೇಲ್ಭಾಗದಲ್ಲಿರಬೇಕು. ಎದುರಿನಿಂದ ನೋಡಿದರೆ ಅರೆತೆರೆದ ಪುಸ್ತಕದಂತೆ ಎರಡು ತುದಿಗಳೂ ತುಸು ಮೇಲಕ್ಕೆದ್ದಿರಬೇಕು. ವಿಮಾನ ಎಡಕ್ಕೆ ವಾಲಿತೆನ್ನಿ. ಆಗ ಅದು ಎಡಗಡೆಗೇ ಜಾರತೊಡಗುತ್ತದೆ. ಎಡಪಕ್ಕದಿಂದ ಬಂದ ಗಾಳಿ ಕೆಳಗಾದ ಎಡರೆಕ್ಕೆಯನ್ನು ಹೆಚ್ಚಿನ ಕೋನದಲ್ಲಿ ತಾಕುತ್ತದೆ. ಅಲ್ಲಿ ಮೇಲೆತ್ತುವ ಬಲ ಹೆಚ್ಚುತ್ತದೆ. ಬಲರೆಕ್ಕೆಯಲ್ಲಿ ಅದು ಕುಗ್ಗುತ್ತದೆ. ಹೀಗೆ ವಿಮಾನ ಮತ್ತೆ ಸಮಸ್ಥಿತಿಗೆ ಬರುತ್ತದೆ. ರೆಕ್ಕೆ ಒಡಲಿನ ಮೇಲಿದ್ದರೆ, ಒಡಲನ್ನು ಬಳಸಿ ಹರಿಯುವ ಗಾಳಿಯೂ ಇದೇ ಕೆಲಸಕ್ಕೆ ನೆರವಾಗುತ್ತದೆ. ಗಾಬರಿಗೊಂಡ ಕಲಿಕೆಯವನು ಕಡ್ಡಿಗಳನ್ನು ಸುಮ್ಮನೆ ಬಿಟ್ಟರೂ, ಸಾಕಷ್ಟು ಎತ್ತರವಿದ್ದಲ್ಲಿ, ಇಂಥ ವಿಮಾನ ತನ್ನನ್ನು ತಾನು ಸಂಭಾಳಿಸಿಕೊಳ್ಳಬಲ್ಲುದು.

ಈ ಗುಣವಿರುವ ವಿಮಾನಕ್ಕೆ ಮೂರು ನಿಯಂತ್ರಣಗಳೇ ಸಾಕು: ಮೋಟಾರಿನ ವೇಗ, ಮೂಗನ್ನು ಏರಿಸಿ ಇಳಿಸುವ ಎಲಿವೇಟರ್, ಬಾಲದ ಚುಕ್ಕಾಣಿ. ಚುಕ್ಕಾಣಿ ಮೂಗನ್ನು ತಿರುಗಿಸಿದಾಗ ಮೇಲಕ್ಕೆದ್ದ ರೆಕ್ಕೆಗಳೇ ವಿಮಾನವನ್ನು ಬೇಕಾದಷ್ಟು ವಾಲಿಸುತ್ತವೆ. ರೆಕ್ಕೆಯ ಹಿಂದಂಚಿನ ಏಲೆರಾನುಗಳು ನಾಲ್ಕನೆಯ ನಿಯಂತ್ರಣ. ಕಲಿಸುವವರು ಪಕ್ಕದಲ್ಲಿದ್ದರೆ ಇದರಿಂದಲೇ ಆರಂಭಿಸಲೂಬಹುದು. ವಾಲುವಿಕೆಯನ್ನು ಅರಿತು ತಾವೇ ಸರಿಪಡಿಸುವ ಗೈರೋ ಉಪಕರಣಗಳು ಈಗ ಅನೇಕ ಮಾದರಿಗಳಲ್ಲಿವೆ. ಅವು ಒಳ್ಳೆಯ ನೆರವೇ ಸರಿ. ಆದರೆ ಕೆಟ್ಟ ರೆಕ್ಕೆಯನ್ನು ಅವು ಒಳ್ಳೆಯ ರೆಕ್ಕೆಯಾಗಿ ಮಾಡಲಾರವು.

ಒಡಲು, ಮೋಟಾರು, ರೇಡಿಯೋ

ಹಿಂದೆ ಮಾದರಿಗಳನ್ನು ದಕ್ಷಿಣ ಅಮೆರಿಕದ ಹಗುರವಾದ ಬಾಲ್ಸಾ ಮರದಿಂದ ಕಟ್ಟುತ್ತಿದ್ದರು. ಅದರ ಸೊಗಸು ಇಂದಿಗೂ ಕುಂದಿಲ್ಲ. ಆದರೆ ಪೆಟ್ಟು ಬಿದ್ದರೆ ಅದು ಸೀಳುತ್ತದೆ. ಹೊಸಬನಿಗೆ ಉಬ್ಬಿಸಿದ ಪಾಲಿಪ್ರೊಪಿಲೀನ್ ನೊರೆಯ ಒಡಲು ಲೇಸು. ಅದು ಪೆಟ್ಟಿಗೆ ಬಾಗಿ ಮತ್ತೆ ಚಿಮ್ಮುತ್ತದೆ. ಹರಿದರೆ ತಕ್ಕ ಅಂಟಿನಿಂದ ಕೂಡಿಸಬಹುದು. ಪ್ರೊಪೆಲ್ಲರು ಮೂಗಿನಲ್ಲಿರದೆ ರೆಕ್ಕೆಯ ಹಿಂದಿದ್ದರೆ, ಮೂಗು ನೆಲಕ್ಕೆ ಬಡಿದಾಗ ಅದೂ ಮೋಟಾರೂ ಉಳಿಯುವ ಸಂಭವ ಹೆಚ್ಚು. ಕೊಳ್ಳುವ ಮುನ್ನ ಪ್ರೊಪೆಲ್ಲರು, ಬಾಲ, ರೆಕ್ಕೆಗಳು ಬಿಡಿಯಾಗಿ ದೊರೆಯುತ್ತವೆಯೇ ಎಂದು ವಿಚಾರಿಸಬೇಕು.

ವಿದ್ಯುತ್ ಮೋಟಾರು ಎಂಜಿನಿಗಿಂತ ಸರಳವಾದುದು. ಆದರೆ ಅದಕ್ಕೆ ಬಳಸುವ ಲಿಥಿಯಂ ಪಾಲಿಮರ್ ಬ್ಯಾಟರಿಯ ವಿಷಯದಲ್ಲಿ ಎಚ್ಚರ ಬೇಕು. ಅದರ ಪ್ರತಿ ಕೋಶವನ್ನು 4.2 ವೋಲ್ಟಿಗಿಂತ ಮೇಲಕ್ಕೆ ತುಂಬಬಾರದು. 3 ವೋಲ್ಟಿಗಿಂತ ಕೆಳಕ್ಕೆ ಇಳಿಯಬಿಡಬಾರದು. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಚಾರ್ಜಾಗುತ್ತಿರುವಾಗ ಬಿಟ್ಟು ಹೋಗಲೂಬಾರದು.

ಹಿಂದಿನ ರೇಡಿಯೋಗಳಲ್ಲಿ ಒಂದೇ ಮೈದಾನದಲ್ಲಿ ಇಬ್ಬರು ಒಂದೇ ಆವೃತ್ತಿಯನ್ನು ಬಳಸಿದರೆ ವಿಮಾನ ಬೀಳುವುದು ಖಂಡಿತವಾಗಿತ್ತು. ಇಂದಿನ 2.4 ಗಿಗಾಹರ್ಟ್ಸ್ ಪ್ರೇಷಕಗಳಲ್ಲಿ ಪ್ರತಿಯೊಂದು ಗ್ರಾಹಕವೂ ತನ್ನ ಪ್ರೇಷಕದ ಗುರುತನ್ನು ಅರಿತು ಅದರ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ಮುಂದೆ ಬೇರೆ ವಿಮಾನಗಳಿಗೂ ಒದಗುವುದರಿಂದ, ಹಣವಿದ್ದರೆ ಒಳ್ಳೆಯ ಪ್ರೇಷಕಕ್ಕೆ ವ್ಯಯಿಸುವುದು ಜಾಣತನ.

ಮೈದಾನದಲ್ಲಿ

ಮೊದಲು ಕಂಪ್ಯೂಟರಿನ ಅಭ್ಯಾಸಕ್ರಮದಲ್ಲಿ ಕೆಲವು ಗಂಟೆಗಳ ಕಾಲ ಹಾರಿಸಿ ನೋಡಬೇಕು. ಅಲ್ಲಿ ಎಷ್ಟು ಸಲ ಬಿದ್ದರೂ ನಷ್ಟವಿಲ್ಲ. ಅನಂತರ ವಿಮಾನದ ಗುರುತ್ವ ಕೇಂದ್ರವನ್ನು ಪರೀಕ್ಷಿಸಬೇಕು. ರೆಕ್ಕೆಯ ಅಗಲ 20 ಸೆಂಟಿಮೀಟರ್ ಆದರೆ, ಮುಂದಂಚಿನಿಂದ 5 ರಿಂದ 6.5 ಸೆಂಟಿಮೀಟರ್ ಹಿಂದೆ ಎರಡು ಬೆರಳುಗಳ ಮೇಲೆ ಅದು ಸಮನಾಗಿ ನಿಲ್ಲಬೇಕು. ಮೂಗು ಭಾರವಾದ ವಿಮಾನ ಕಷ್ಟಪಟ್ಟು ಹಾರುತ್ತದೆ, ಬಾಲ ಭಾರವಾದುದು ಒಂದೇ ಸಲ ಹಾರುತ್ತದೆ ಎಂಬ ಮಾತು ಈ ಹವ್ಯಾಸದವರಲ್ಲಿ ಬಳಕೆಯಲ್ಲಿದೆ. ವಿಮಾನ ನಮ್ಮೆಡೆಗೆ ಬರುವಾಗ ಯಾವ ರೆಕ್ಕೆ ಕೆಳಗಾಗಿದೆಯೋ ಕಡ್ಡಿಯನ್ನು ಆ ಕಡೆಗೇ ಒತ್ತಬೇಕು. ಎಡಬಲದ ಗೊಂದಲಕ್ಕೆ ಇದೇ ಮದ್ದು. ಆಷಾಢದ ಗಾಳಿ ಗಾಳಿಪಟಕ್ಕೆ ಹಿತವಾದರೂ ಮಾದರಿ ವಿಮಾನಕ್ಕೆ ಹಿತವಲ್ಲ. ಬೆಳಗಿನ ಜಾವದ ತಣ್ಣನೆಯ ನಿಶ್ಚಲ ಗಾಳಿಯೇ ಕಲಿಕೆಗೆ ತಕ್ಕುದು.

ಮೇಲೆ ಹೇಳಿದ ವಿಮಾನ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಬಂದು ಬಡಿದರೆ, 11 ಮೀಟರ್ ಮೇಲಿನಿಂದ ಬಿದ್ದ ಒಂದು ಕಿಲೋ ತೂಕದ ಕಲ್ಲಿನಷ್ಟೇ ಶಕ್ತಿ ಅದಕ್ಕಿರುತ್ತದೆ. ಜನ, ರಸ್ತೆ, ವಿದ್ಯುತ್ ತಂತಿಗಳಿಂದ ದೂರವಾದ ಬಯಲನ್ನೇ ಆರಿಸಬೇಕು. ವಾಣಿಜ್ಯೋದ್ದೇಶವಿಲ್ಲದೆ ಹಾರಿಸುವ, 2 ಕಿಲೋಗ್ರಾಮಿಗೆ ಮೀರದ ವಾಹನಗಳಿಗೆ ಭಾರತದ 2021ರ ಡ್ರೋನ್ ನಿಯಮಗಳು ಚಾಲಕ ಪರವಾನಗಿಯಿಂದ ವಿನಾಯಿತಿ ನೀಡಿದುವು. ಆದರೆ ನಿರ್ಬಂಧಿತ ವಲಯಗಳಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹೊರಡುವ ಮೊದಲು ಅಂದು ಜಾರಿಯಲ್ಲಿರುವ ನಿಯಮವನ್ನೂ ವಲಯಗಳ ನಕ್ಷೆಯನ್ನೂ ನೋಡಿಕೊಳ್ಳುವುದು ಕರ್ತವ್ಯ.

ಎನ್.ಸಿ.ಸಿ.ಯ ವಾಯುದಳದ ವಿಭಾಗದಲ್ಲಿ ಮಾದರಿ ವಿಮಾನಗಳ ಅಭ್ಯಾಸಕ್ಕೆ ಸ್ಥಾನವಿದೆ. ಅನುಭವಿಗಳಾದ ಗುರುಗಳು ದೊರೆತರೆ ಅದಕ್ಕಿಂತ ಭಾಗ್ಯವಿಲ್ಲ. ಮೇಲ್ಗಡೆಯ ರೆಕ್ಕೆ, ಕಡಮೆ ಭಾರ, ನೊರೆಯ ಒಡಲು: ಈ ಮೂರನ್ನು ನೆನಪಿಟ್ಟು ಕೊಂಡ ಸಾಧಾರಣ ರೂಪದ ವಿಮಾನವೊಂದು ಹತ್ತಾರು ಸಲ ಬಿದ್ದು, ಹತ್ತಾರು ಸಲ ಎದ್ದು, ತನ್ನ ಒಡೆಯನಿಗೆ ಹಾರಾಟವನ್ನು ಕಲಿಸುತ್ತದೆ. ಮನಸ್ಸು ಮೆಚ್ಚಿದ ಕಾಳಗದ ವಿಮಾನವನ್ನು ಆಮೇಲೆ ಧೈರ್ಯವಾಗಿ ಕೊಳ್ಳಬಹುದು.