ಗರುಗದ ಎಣ್ಣೆ ಏನು ಮಾಡುತ್ತದೆ, ಏನು ಮಾಡದು?

ಜೂನ್ ತಿಂಗಳು ಕಾಲಿಟ್ಟಿತೆಂದರೆ ಆಲೂರು, ಸಕಲೇಶಪುರದ ಕಡೆ ಶಾಲೆಗೆ ಹೋಗುವ ಹೆಣ್ಣುಮಕ್ಕಳ ಜಡೆ ಒಣಗುವುದೇ ಇಲ್ಲ. ಬೆಳಿಗ್ಗೆ ಹಂಡೆಯ ಬಿಸಿನೀರಿನಲ್ಲಿ ತಲೆ ತೊಳೆದು, ಒದ್ದೆ ಕೂದಲಿಗೇ ಒಂದು ಅಂಗೈ ಎಣ್ಣೆ ತಟ್ಟಿ, ಬಿಗಿಯಾಗಿ ಎರಡು ಜಡೆ ಹೆಣೆದು ಬಸ್ಸಿಗೆ ಓಡಬೇಕು. ದಾರಿಯಲ್ಲಿ ಮತ್ತೆ ಮಳೆ. ಸಂಜೆ ಜಡೆ ಬಿಚ್ಚಿದರೆ ಒಳಗೆ ಇನ್ನೂ ಹಸಿ, ಜೊತೆಗೆ ಮುಗ್ಗಲು ವಾಸನೆ. ಆಗಸ್ಟ್ ಹೊತ್ತಿಗೆ ತುರಿಕೆ, ಹೊಟ್ಟು, ಹೇನು, ಬಾಚಣಿಗೆ ತುಂಬ ಕೂದಲು ಎಂದು ಒಂದೊಂದೇ ದೂರು ಶುರುವಾಗುತ್ತದೆ. 'ಎಣ್ಣೆ ಸಾಲದು, ಇನ್ನಷ್ಟು ಹಚ್ಚು' ಎಂಬುದು ಮನೆಯ ಹಿರಿಯರ ತೀರ್ಪು. ಈ ತೀರ್ಪು ಕೆಲವು ದೂರುಗಳಿಗೆ ಸರಿ. ಕೆಲವಕ್ಕೆ ತೀರಾ ತಪ್ಪು. ಯಾವುದಕ್ಕೆ ಸರಿ, ಯಾವುದಕ್ಕೆ ತಪ್ಪು ಎಂದು ತಿಳಿಯಲು ಎಂಟನೇ ತರಗತಿಯ ರಸಾಯನಶಾಸ್ತ್ರವೇ ಸಾಕಾಗುತ್ತದೆ.

ಮನೆಯಲ್ಲಿ ಎಣ್ಣೆ ಕಾಯಿಸುವವರಿಗೆ ಈ ಸೀಮೆಯಲ್ಲಿ ಯಾವುದಕ್ಕೂ ಬರವಿಲ್ಲ. ಗದ್ದೆಯ ಬದುವಿನಲ್ಲಿ ಬಿಳಿಯ ಪುಟ್ಟ ಹೂವಿನ ಗರುಗ, ಅಂದರೆ ಭೃಂಗರಾಜ. ನೀರು ಹರಿಯುವ ಕಾಲುವೆಯ ಪಕ್ಕ ಒಂದೆಲಗ. ಬೇಲಿಯಲ್ಲಿ ದಾಸವಾಳ, ಹಿತ್ತಿಲಲ್ಲಿ ಕರಿಬೇವು, ಕಾಡಂಚಿನಲ್ಲಿ ನೆಲ್ಲಿ, ಮರಕ್ಕೆ ಹಬ್ಬಿದ ಸೀಗೆ. ಎಣ್ಣೆಗೆ ಬೇಕಾದ ಕೊಬ್ಬರಿಗೆ ಮಾತ್ರ ಪೂರ್ವಕ್ಕೆ ತಿರುಗಬೇಕು. ಅರಸೀಕೆರೆ, ಚನ್ನರಾಯಪಟ್ಟಣ, ಅದರಾಚೆ ತಿಪಟೂರಿನ ಬಯಲುಸೀಮೆಯೇ ತೆಂಗಿನ ನಾಡು. ಹೀಗೆ ಮಲೆನಾಡಿನ ಸೊಪ್ಪೂ ಬಯಲಿನ ಕೊಬ್ಬರಿಯೂ ಒಂದೇ ಬಾಣಲೆಯಲ್ಲಿ ಸೇರುತ್ತವೆ. (ಬದುವಿಗೆ ಕಳೆನಾಶಕ ಹೊಡೆಯುವ ರೂಢಿ ಈಗ ಹೆಚ್ಚಿದೆ. ಔಷಧಿ ಬಿದ್ದ ಗದ್ದೆಯ ಗರುಗವನ್ನು ಕೀಳಬಾರದು. ಕುಂಡದಲ್ಲಿ ಬೆಳೆದರೂ ಅದು ಸೊಗಸಾಗಿ ಬರುತ್ತದೆ.)

ಬಾಣಲೆಯೊಳಗೆ ನಡೆಯುವುದು

ಎಣ್ಣೆ ಕಾಯಿಸುವ ಕ್ರಮವನ್ನು ನಮ್ಮ ವೈದ್ಯಗ್ರಂಥಗಳು ಲೆಕ್ಕ ಹಾಕಿಯೇ ಹೇಳಿವೆ. ಶಾರ್ಙ್ಗಧರ ಸಂಹಿತೆಯ ಪ್ರಕಾರ ಅರೆದ ಸೊಪ್ಪಿನ ಕಲ್ಕ 1 ಪಾಲು, ಎಣ್ಣೆ 4 ಪಾಲು, ರಸ ಅಥವಾ ಕಷಾಯ 16 ಪಾಲು. ಕಾಲು ಲೀಟರ್ ಎಣ್ಣೆಗೆ ಒಂದು ಲೀಟರ್ ರಸ, ಸುಮಾರು 60 ಗ್ರಾಂ ಕಲ್ಕ ಎಂದಾಯಿತು. ಒಂದು ಲೀಟರ್ ಗರುಗದ ರಸ ಹಿಂಡಲು ಎಷ್ಟು ಹೊರೆ ಸೊಪ್ಪು ಬೇಕೆಂಬುದು ಅರೆದವರಿಗೇ ಗೊತ್ತು! ಹಾಗಾಗಿ ಹೆಚ್ಚಿನ ಮನೆಗಳಲ್ಲಿ ಒಂದೆರಡು ಹಿಡಿ ಸೊಪ್ಪಿನಲ್ಲೇ ಕೆಲಸ ಮುಗಿಯುತ್ತದೆ.

ರಸ ಬೆರೆತ ಎಣ್ಣೆಯನ್ನು ಒಲೆಗಿಟ್ಟಾಗ ಬಹಳ ಹೊತ್ತು ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಒಲೆ ಕೊಡುವ ಶಾಖವೆಲ್ಲ ನೀರನ್ನು ಹಬೆ ಮಾಡುವುದಕ್ಕೇ ಖರ್ಚು. ಇದೇ ಪಠ್ಯಪುಸ್ತಕದ ಗುಪ್ತೋಷ್ಣ. ಕೊನೆಯ ಹನಿ ನೀರು ಆರಿದ ಗಳಿಗೆಯಿಂದ ಉಷ್ಣತೆ ಸರಸರನೆ ಏರುತ್ತದೆ, ಎರಡು ನಿಮಿಷ ಮೈಮರೆತರೆ ಸೊಪ್ಪು ಕರಕಲಾಗುತ್ತದೆ. ಇಳಿಸುವ ಹದವನ್ನು ಕಂಡುಹಿಡಿಯಲು ಹಿಂದಿನವರು ಬಳಸಿದ ಉಪಾಯ ಜಾಣತನದ್ದು: ಕಲ್ಕವನ್ನು ಬೆರಳ ನಡುವೆ ಹೊಸೆದರೆ ಬತ್ತಿಯಾಗಬೇಕು, ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಎನ್ನಬಾರದು. ಚಟಪಟ ಎಂದರೆ ನೀರು ಉಳಿದಿದೆ; ನೀರು ಹಬೆಯಾಗುವಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಆ ಸಿಡಿತದ ಸದ್ದೇ ಅದು. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಏಕೆಂದರೆ ನೊರೆ ಉಕ್ಕುತ್ತದೆ. ಚಿಕ್ಕ ಮಕ್ಕಳು ಒಲೆಯ ಬಳಿ ಇರಬಾರದು. ಪ್ರಯೋಗಶಾಲೆಯ ಮಾಮೂಲಿ ಥರ್ಮಾಮೀಟರನ್ನು ಇದರಲ್ಲಿ ಅದ್ದುವ ಉತ್ಸಾಹ ಬೇಡ. ಅದರ ಅಳತೆ 110 ಡಿಗ್ರಿಗೇ ಮುಗಿದು, ಗಾಜು ಒಡೆಯುತ್ತದೆ.

ಅಷ್ಟೆಲ್ಲ ಕಾಯಿಸಿದ ಮೇಲೆ ಸೊಪ್ಪಿನಿಂದ ಎಣ್ಣೆಗೆ ಬಂದದ್ದೇನು? ಎಣ್ಣೆಯಲ್ಲಿ ಕರಗುವಂಥದ್ದು ಮಾತ್ರ ಬರುತ್ತದೆ. ಹಸಿರು ಬಣ್ಣದ ಪತ್ರಹರಿತ್ತು, ಕೆರೋಟಿನ್, ಸುವಾಸನೆಯ ತೈಲಾಂಶ ಇಳಿಯುತ್ತವೆ. ಎಣ್ಣೆ ಹಸಿರಾಗುವುದು ಅದರಿಂದಲೇ ಹೊರತು ಗುಣ ಹೆಚ್ಚಾದುದರಿಂದಲ್ಲ. ನೆಲ್ಲಿಕಾಯಿಯ ಸಿ ಜೀವಸತ್ವ ನೀರಿನಲ್ಲಿ ಕರಗುವಂಥದ್ದು, ಕಾಯಿಸಿದರೆ ಕೆಡುವಂಥದ್ದು. ಅದು ಎಣ್ಣೆಗೆ ಬರುವುದಿಲ್ಲ. ನೆಲ್ಲಿಕಾಯಿಯನ್ನು ತಿನ್ನುವುದೇ ಲೇಸು. ದಾಸವಾಳದ ಎಲೆಯ ಲೋಳೆಯೂ ಎಣ್ಣೆಯಲ್ಲಿ ಕರಗದು. ಎಲೆಯನ್ನು ನೀರಿನಲ್ಲಿ ಕಿವುಚಿ, ಬರುವ ಲೋಳೆಯಿಂದ ತಲೆ ತೊಳೆದರೆ ಕೂದಲು ನಯವಾಗುತ್ತದೆ, ಸಿಕ್ಕು ಬಿಡುತ್ತದೆ. ಸಂದೇಹವಿದ್ದವರು ಎರಡು ಪ್ರನಾಳಗಳಲ್ಲಿ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಜಜ್ಜಿದ ದಾಸವಾಳದ ಎಲೆ ಹಾಕಿ ನೋಡಬಹುದು. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಎಲ್ಲ ಕಪ್ಪಾಗುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಆಗುವ ಈ ಕಪ್ಪಿನಿಂದಲೇ ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದರು. ಎಣ್ಣೆ ಕಪ್ಪಾಗಿದೆ, ಹಾಗಾಗಿ ಕೂದಲೂ ಕಪ್ಪಾಗುತ್ತದೆ ಎಂಬುದು ಬರಿಯ ನಂಬಿಕೆ.

ಇದೇ ನಿಯಮ ಒಂದು ಕಡೆ ನಮ್ಮನ್ನು ಕಾಪಾಡಿದೆ. ಹರಳು ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಅದು ಪ್ರೋಟೀನ್ ಆದ್ದರಿಂದ ಎಣ್ಣೆಯಲ್ಲಿ ಕರಗದೆ ಹಿಂಡಿಯಲ್ಲೇ ಉಳಿಯುತ್ತದೆ. ಹರಳೆಣ್ಣೆ ತಲೆಗೆ ಹಚ್ಚಬಹುದು, ಹರಳು ಹಿಂಡಿಯನ್ನು ದನಕ್ಕೆ ಹಾಕಬಾರದು ಎಂಬ ಹಳ್ಳಿಯ ಎಚ್ಚರಿಕೆಯ ಹಿಂದಿನ ಕಾರಣ ಇದು.

ಜಡೆಯ ತುದಿಗೆ ಐದು ವರ್ಷ

ಹಾಗಾದರೆ ಎಣ್ಣೆಯಿಂದ ಪ್ರಯೋಜನವೇ ಇಲ್ಲವೆ? ಇದೆ, ಆದರೆ ಅದು ಬೇರಿಗಲ್ಲ, ಹೊರಗಿನ ಕೂದಲಿಗೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 60 ಸೆಂಟಿಮೀಟರ್ ಉದ್ದದ ಜಡೆಯಿರುವ ಹತ್ತನೇ ತರಗತಿಯ ಹುಡುಗಿಯ ಜಡೆಯ ತುದಿ, ಅವಳು ಐದನೇ ತರಗತಿಯಲ್ಲಿದ್ದಾಗ ಚರ್ಮದಿಂದ ಹೊರಬಂದದ್ದು. ಐದು ವರ್ಷದ ಮಳೆ, ಬಿಸಿಲು, ಬಾಚಣಿಗೆ, ಸೋಪು ಎಲ್ಲವನ್ನೂ ಅದು ಕಂಡಿದೆ. ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ, ಮೇಲೆ ಮಂಗಳೂರು ಹಂಚು ಹೊದಿಸಿದಂತೆ ಒಂದರ ಮೇಲೊಂದು ಪೊರೆ. ನೆನೆದಾಗ ಎಳೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪದೇ ಪದೇ ಹೀಗಾದರೆ ಹಂಚುಗಳು ಸರಿದು, ಎಳೆ ಒರಟಾಗಿ ತುಂಡಾಗುತ್ತದೆ.

ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರವಾದದ್ದು. ಕೂದಲಿನ ಎಳೆಯೊಳಕ್ಕೆ ನುಸುಳಬಲ್ಲದು. ರೇಲೆ ಮತ್ತು ಮೊಹಿಲೆ ಎಂಬ ಭಾರತೀಯ ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲಿನ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. (ಇವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದವರು ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.) ಅಂಗಡಿಯ ಬಣ್ಣಬಣ್ಣದ ಕೇಶತೈಲಗಳ ಶೀಶೆಯ ಹಿಂಬದಿಯನ್ನು ಓದಿದರೆ ಹಲವದರಲ್ಲಿ ಮೊದಲ ಹೆಸರು ಖನಿಜ ತೈಲದ್ದೇ. ಅದರಿಂದ ಹೊಳಪು ಬರುತ್ತದೆ, ಆದರೆ ಅದು ಎಳೆಯೊಳಗೆ ಹೋಗುವುದಿಲ್ಲ.

ಇದರಿಂದ ತಿಳಿಯುವುದು, ಎಣ್ಣೆ ಹಚ್ಚಬೇಕಾದದ್ದು ಸ್ನಾನಕ್ಕೆ ಮುಂಚೆ. ಹಿಂದಿನ ರಾತ್ರಿ ಅಥವಾ ಒಂದೆರಡು ಗಂಟೆ ಮೊದಲು. ಯುಗಾದಿ, ದೀಪಾವಳಿಯ ಎಣ್ಣೆಸ್ನಾನದ ಕ್ರಮವೂ ಅದೇ ಅಲ್ಲವೆ? ಒದ್ದೆ ತಲೆಗೆ ಎಣ್ಣೆ ಹಚ್ಚಿ ಜಡೆ ಬಿಗಿಯುವುದು ಎರಡೂ ಕೆಟ್ಟದನ್ನು ಕೂಡಿಸಿದಂತೆ. ಮಳೆಗಾಲದಲ್ಲಿ ತಲೆಸ್ನಾನವನ್ನು ಸಂಜೆಗೋ ಶನಿವಾರ ಮಧ್ಯಾಹ್ನಕ್ಕೋ ಇಟ್ಟುಕೊಂಡು, ಬಚ್ಚಲ ಒಲೆಯ ಬಿಸುಪಿನಲ್ಲಿ ಕೂದಲು ಆರಿಸಿಕೊಳ್ಳಬಹುದು. ಆಲೂರಿನ ಚಳಿಗೆ ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಶೀಶೆಯಲ್ಲೇ ಹೆಪ್ಪುಗಟ್ಟುವುದೂ ಸಹಜ. ಅದು ಕರಗುವುದು 24-25 ಡಿಗ್ರಿಯಲ್ಲಿ. ಕಲಬೆರಕೆ ಎಂದು ಹೆದರಬೇಕಿಲ್ಲ.

ಹರಳೆಣ್ಣೆಯನ್ನು ಮಿತವಾಗಿ ಬೆರೆಸಬೇಕು, ಮೂರು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಸಾಕು. ಬಹಳ ಅಂಟಾದ ಈ ಎಣ್ಣೆಯಿಂದ ಉದ್ದ ಕೂದಲು ಬಿಡಿಸಲಾಗದಂತೆ ಹಕ್ಕಿಗೂಡಿನ ಹಾಗೆ ಗಂಟಾಗಿ, ಕತ್ತರಿಸಬೇಕಾದ ಪ್ರಸಂಗವನ್ನು 2017ರಲ್ಲಿ ಭಾರತದ ಚರ್ಮವೈದ್ಯರು ವರದಿ ಮಾಡಿದ್ದರು. ಹದಿಹರೆಯದವರು ಎಣ್ಣೆಯನ್ನು ಹಣೆಗೆ ಇಳಿಯಬಿಡಬಾರದು; ಹಣೆಯಂಚಿನ ಸಾಲು ಮೊಡವೆಗಳಿಗೆ ಅನೇಕ ಸಲ ಅದೇ ಕಾರಣ.

ಎಣ್ಣೆ ಸೋಲುವ ಕಡೆ

ಹೊಟ್ಟಿನಲ್ಲಿ ಎರಡು ಬಗೆ. ಚಳಿಗಾಲದಲ್ಲಿ ಚರ್ಮ ಒಡೆದು ಉದುರುವ ಸಣ್ಣ ಬಿಳಿ ಪುಡಿಗೆ ಎಣ್ಣೆ ಹಿತ. ಆದರೆ ಹಳದಿ ಛಾಯೆಯ, ಜಿಡ್ಡಿನ, ತುರಿಸುವ ಹೊಟ್ಟಿನ ಕಥೆಯೇ ಬೇರೆ. ಎಲ್ಲರ ತಲೆಯ ಮೇಲೂ ವಾಸಿಸುವ ಮಲಸೀಜಿಯ ಎಂಬ ಶಿಲೀಂಧ್ರ ಅದರಲ್ಲಿ ಪಾಲುದಾರ. ಈ ಜೀವಿಗೆ ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲು ಬಾರದು. ನೆತ್ತಿಯ ಮೇಲಿನ ಜಿಡ್ಡನ್ನೇ ತಿಂದು ಬದುಕಬೇಕು. ಅಂಥ ನೆತ್ತಿಗೆ ದಿನವೂ ಎಣ್ಣೆ ಸುರಿಯುವುದೆಂದರೆ ಅದಕ್ಕೆ ಊಟ ಬಡಿಸಿದಂತೆ! ಇಂಥ ಮಕ್ಕಳಿಗೆ ಎಣ್ಣೆಯನ್ನು ನೆತ್ತಿಗೆ ಬಿಟ್ಟು ಕೂದಲಿನ ಉದ್ದಕ್ಕೆ ಮಾತ್ರ ಸವರಬೇಕು. ವೈದ್ಯರು ಕೊಡುವ ಕೀಟೋಕೊನಜೋಲ್ ಶಾಂಪೂವನ್ನು ಹಚ್ಚಿದ ಕೂಡಲೇ ತೊಳೆಯದೆ ಮೂರರಿಂದ ಐದು ನಿಮಿಷ ಬಿಡಬೇಕು.

ಚಿಕ್ಕ ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ, ಸಿಪ್ಪೆ ಎದ್ದು, ಮುರಿದ ಕೂದಲಿನ ಮೊಟಕುಗಳು ಕಂಡರೆ ಅದು ಹುಳುಕಡ್ಡಿ. ಈ ಶಿಲೀಂಧ್ರ ಕೂದಲಿನ ಬುಡದೊಳಗೇ ಇರುವುದರಿಂದ ಮೇಲೆ ಹಚ್ಚಿದ್ದು ಯಾವುದೂ ಸಾಲದು. ಕೆಲವು ವಾರ ಮಾತ್ರೆ ನುಂಗಬೇಕು. ಗರುಗದ ಎಣ್ಣೆ ಹಚ್ಚುತ್ತಾ ಎರಡು ತಿಂಗಳು ಕಳೆದರೆ ಅಷ್ಟರಲ್ಲಿ ಅಣ್ಣತಮ್ಮಂದಿರಿಗೂ ಹಬ್ಬಿರುತ್ತದೆ, ಕೆಲವರಲ್ಲಿ ಕೀವು ತುಂಬಿ ಆ ಜಾಗದಲ್ಲಿ ಮತ್ತೆಂದೂ ಕೂದಲು ಬಾರದಂತೆ ಕಲೆ ಉಳಿಯುತ್ತದೆ.

ಕೂದಲು ಉದುರುವುದಂತೂ ಪೋಷಕರ ಹಣ ಕರಗಿಸುವ ದೊಡ್ಡ ದಾರಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಟೈಫಾಯ್ಡ್, ಡೆಂಗೆಯಂಥ ಜ್ವರ ಬಂದ ಎರಡು ಮೂರು ತಿಂಗಳ ನಂತರ ಹಿಡಿಗಟ್ಟಲೆ ಉದುರಿ, ಆಮೇಲೆ ತಾನಾಗಿ ಬೆಳೆಯುತ್ತದೆ. ಆ ಹೊತ್ತಿಗೆ ಹಚ್ಚಿದ ಎಣ್ಣೆಗೆ ಕೀರ್ತಿ ಬರುವುದು ಸುಲಭ. ಹೆಣ್ಣುಮಕ್ಕಳಲ್ಲಿ ನೋಡಬೇಕಾದ ಇನ್ನೊಂದು ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಕಂಡುಬಂದಿತು. ಕಬ್ಬಿಣಾಂಶ ಕಡಿಮೆಯಾದಾಗ ದೇಹ ಮೊದಲು ಕೈಬಿಡುವ ಕೆಲಸಗಳಲ್ಲಿ ಕೂದಲು ಬೆಳೆಸುವುದೂ ಒಂದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆದು, ಮನೆಯಲ್ಲಿ ದುಬಾರಿ ಎಣ್ಣೆ ಹಚ್ಚಿಕೊಂಡರೆ ಏನು ಬಂತು? ಕಾಫಿ ಸೀಮೆಯವರು ಊಟದ ಬೆನ್ನಿಗೇ ಕಾಫಿ ಕುಡಿಯುವುದೂ ಕಬ್ಬಿಣಾಂಶ ಮೈಗೂಡದಂತೆ ತಡೆಯುತ್ತದೆ. ಒಂದು ಗಂಟೆ ತಡೆದು ಕುಡಿಯಲಿ.

ಬೊಕ್ಕತಲೆಯಲ್ಲಿ ಕೂದಲು ಬೆಳೆಸುತ್ತೇವೆ ಎಂದು ಔಷಧ ಮಾರುವಂತಿಲ್ಲ ಎನ್ನುವುದು ಕಾನೂನಿನಲ್ಲೇ ಇದೆ. 1945ರ ಔಷಧ ನಿಯಮಗಳ 'ಜೆ' ಅನುಸೂಚಿಯಲ್ಲಿ, ಗುಣಪಡಿಸುವುದಾಗಿ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯಲ್ಲಿ ಬೊಕ್ಕತಲೆಯೂ ಸೇರಿದೆ. ಜಾಹೀರಾತುಗಳನ್ನು ನೋಡಿದವರಿಗೆ ಇದು ನಂಬಲಾಗದ ಮಾತು.

ಇನ್ನು ಹೇನು. ಹೇನಿಗೆ ರೆಕ್ಕೆಯಿಲ್ಲ, ಅದು ಹಾರುವುದೂ ಇಲ್ಲ, ನೆಗೆಯುವುದೂ ಇಲ್ಲ. ತಲೆಗೆ ತಲೆ ತಾಗಿದಾಗ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತದೆ. ಎಣ್ಣೆ ಹಚ್ಚಿದರೆ ಅದರ ಓಡಾಟ ಕುಂಠಿತವಾಗಿ ಸೀರಣಿಗೆಗೆ ಸಿಕ್ಕುತ್ತದೆ, ಅಷ್ಟೇ; ಕೂದಲಿಗೆ ಅಂಟಿದ ಸೀರು ಸಾಯುವುದಿಲ್ಲ. ಅಸಹನೆಯಿಂದ ಜನ ಮಾಡುವ ಪ್ರಯೋಗಗಳು ಮಾತ್ರ ಭಯಂಕರ. ಸೀತಾಫಲದ ಬೀಜದ ಪುಡಿ ಹೇನು ಕೊಲ್ಲುವುದು ನಿಜ, ಆದರೆ ಕಣ್ಣಿಗೆ ಬಿದ್ದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನೇ ಸುಡುತ್ತದೆ. ಸೀಮೆಎಣ್ಣೆ ಹಚ್ಚಿದ ತಲೆ ಒಲೆಯ ಮುಂದೆ ಬಗ್ಗಿದರೆ ಏನಾದೀತೆಂದು ಹೇಳಬೇಕಿಲ್ಲ. ಕರ್ಪೂರ ಬೆರೆಸಿದ ಎಣ್ಣೆಯ ಶೀಶೆ ಚಿಕ್ಕ ಮಕ್ಕಳ ಕೈಗೆ ಸಿಕ್ಕಿ ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು.

ಸೀರು ಒಡೆದು ಮರಿಯಾಗಲು 7ರಿಂದ 10 ದಿನ ಬೇಕು. ಆದ್ದರಿಂದ ಪರ್ಮೆಥ್ರಿನ್ ದ್ರಾವಣವನ್ನು ಒಮ್ಮೆ ಹಚ್ಚಿ ಬಿಟ್ಟರೆ ಸಾಲದು, ಸುಮಾರು ಒಂಬತ್ತು ದಿನ ಬಿಟ್ಟು ಎರಡನೇ ಸಲ ಹಚ್ಚಬೇಕು. ನಡುವೆ ಎರಡು ದಿನಕ್ಕೊಮ್ಮೆ, ಒದ್ದೆ ಕೂದಲಿಗೆ ಎಣ್ಣೆಯನ್ನೋ ದಾಸವಾಳದ ಲೋಳೆಯನ್ನೋ ಸವರಿ, ಬುಡದಿಂದ ತುದಿಯವರೆಗೆ ಸೀರಣಿಗೆ ಎಳೆಯಬೇಕು. ಒಬ್ಬಳ ತಲೆ ಮಾತ್ರ ಶುದ್ಧವಾದರೆ ಪ್ರಯೋಜನವಿಲ್ಲ. ಅಕ್ಕತಂಗಿಯರ, ಬೆಂಚಿನಲ್ಲಿ ಪಕ್ಕ ಕೂರುವ ಗೆಳತಿಯರ ತಲೆಗೂ ಅದೇ ಭಾನುವಾರ ಔಷಧಿ ಬೀಳಬೇಕು.